ಹೊಣೆಗಾರರಿಲ್ಲದ ಪುಟಕ್ಕೆ ಜಾಲತಾಣದಲ್ಲಿ ಜಾಗವಿಲ್ಲ: ಒಂದು ಹಾಳೆಯ ನಿಯಮ ಗೆದ್ದ ನನ್ನ ಅನುಭವ

ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಏನು ಪ್ರಕಟವಾಗಬೇಕು, ಯಾರು ಪ್ರಕಟಿಸಬೇಕು, ಎಷ್ಟು ದಿನ ಇರಬೇಕು ಎಂಬ ನಿಯಮಗಳೆಲ್ಲ ಒಂದೇ ಹಾಳೆಯ ಒಂದೇ ಬದಿಯಲ್ಲಿ ಮುಗಿಯಬೇಕು ಎಂದು ನಾನು ಹೇಳಿದಾಗ ಸಭೆಯಲ್ಲಿದ್ದ ಯಾರೂ ಒಪ್ಪಲಿಲ್ಲ. ಅವಧಿ ಮುಗಿದ ಪುಟ ತಾನಾಗಿ ಕೆಳಗಿಳಿಯಬೇಕು ಎಂದಾಗಲಂತೂ ‘ಇದು ಖಾಸಗಿ ಕಂಪನಿಯಲ್ಲ, ಇಲ್ಲಿ ನಡೆಯುವುದಿಲ್ಲ’ ಎಂಬ ಮಾತು ಬಂತು. ಈಗ ಎರಡು ವರ್ಷದ ಮೇಲಾಯಿತು, ನಡೆಯುತ್ತಿದೆ. ಅಂದು ತಲೆಯಾಡಿಸಿ ಬೇಡವೆಂದವರೇ ಈಗ ಬೇರೆ ಸಂಸ್ಥೆಗಳಿಂದ ಬಂದವರಿಗೆ ಆ ಹಾಳೆಯನ್ನು ತೋರಿಸುತ್ತಾರೆ. ಇದೇ ಕೆಲಸದಲ್ಲಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಸರ್ವರ್, ಸಿಎಂಎಸ್ (ಪುಟಗಳನ್ನು ನಿರ್ವಹಿಸುವ ತಂತ್ರಾಂಶ), ಬ್ಯಾಕಪ್ ನಿಮಗೆ ಗೊತ್ತಿರುವ ಸಂಗತಿಗಳೇ. ಅವುಗಳ ವಿವರಕ್ಕೆ ಹೋಗುವುದಿಲ್ಲ.

ನಮ್ಮದು ತುಮಕೂರಿನಲ್ಲಿರುವ ಸಂಸ್ಥೆ. ಹೆಸರು ಬೇಡ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯವರು. ಪಾವಗಡದ ಹಳ್ಳಿಯಿಂದ ಇಲ್ಲಿಗೆ ಬಂದು ಒಂದು ಸುತ್ತೋಲೆ ನೋಡಿಕೊಂಡು ಹೋಗಬೇಕೆಂದರೆ ಆ ದಿನವೇ ಕಳೆಯುತ್ತದೆ, ಬಸ್ಸಿನ ಖರ್ಚು ಬೇರೆ. ಹಾಗಾಗಿ ಅವರಿಗೆ ಜಾಲತಾಣವೇ ಕಚೇರಿಯ ಕಿಟಕಿ. ಸರ್ವರ್ ದಾಖಲೆ ತೆಗೆದು ನೋಡಿದರೆ ಹತ್ತರಲ್ಲಿ ಎಂಟೊಂಬತ್ತು ಮಂದಿ ಮೊಬೈಲಿನಿಂದಲೇ ಬರುತ್ತಾರೆ, ಅದೂ ರಾತ್ರಿ ಎಂಟರ ನಂತರ. ನಮ್ಮ ಅಧಿಕಾರಿಗಳು ನೋಡುತ್ತಿದ್ದುದು ಮೇಜಿನ ಮೇಲಿನ ದೊಡ್ಡ ಪರದೆಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಹಿಂದಿನ ಪ್ರಯತ್ನಗಳು ಕೆಡಲು ಈ ಅಂತರವೇ ಮುಖ್ಯ ಕಾರಣ.

ಮೊದಲು ಎಲ್ಲವನ್ನೂ ಗುತ್ತಿಗೆಗೆ ಕೊಟ್ಟಿದ್ದರು. ಹೊಸ ವಿನ್ಯಾಸಕ್ಕೆ ಸುಮಾರು ನಾಲ್ಕೂವರೆ ಲಕ್ಷ, ಅದರ ಮೇಲೆ ಜಿಎಸ್‌ಟಿ, ವಾರ್ಷಿಕ ನಿರ್ವಹಣೆಗೆ 75,000ದ ಆಸುಪಾಸು. ಒಪ್ಪಂದದಲ್ಲಿ ಬರೆದ ಸಂಖ್ಯೆ ಮೀರಿದರೆ ಪುಟವೊಂದರ ತಿದ್ದುಪಡಿಗೆ ಮುನ್ನೂರು ರೂಪಾಯಿ. ವಿಭಾಗದ ಮುಖ್ಯಸ್ಥರು ಬದಲಾದರೆ ಮುನ್ನೂರು, ಫೋನ್ ಸಂಖ್ಯೆ ಬದಲಾದರೆ ಮತ್ತೆ ಮುನ್ನೂರು. ಬಿಲ್ಲಿಗೆ ಟಿಪ್ಪಣಿ ಹಾಕಿ ಅನುಮೋದನೆ ಪಡೆಯುವ ಕಿರಿಕಿರಿಗೆ ಹೆದರಿ ಶಾಖೆಗಳು ತಿದ್ದುಪಡಿ ಕೇಳುವುದನ್ನೇ ಬಿಟ್ಟವು. ಮುಖಪುಟದಲ್ಲಿ ಓಡುವ ಅಕ್ಷರಗಳು, ಮಿನುಗುವ ‘ಹೊಸತು’ ಗುರುತು ಎಲ್ಲ ಇದ್ದವು. ಆ ಗುರುತು ಹೊತ್ತ ಕೆಲವು ಪ್ರಕಟಣೆಗಳಿಗೆ ಮೂರು ವರ್ಷ ವಯಸ್ಸಾಗಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ವಿಷಯದಲ್ಲಿ. ನ್ಯಾಕ್‌ಗೆ ಕೊಡುವ ವರದಿಯಲ್ಲಿ ಪ್ರತಿ ಮಾನದಂಡಕ್ಕೂ ದಾಖಲೆಯ ಲಿಂಕ್ ಕೊಟ್ಟಿರುತ್ತೇವೆ. ಗುತ್ತಿಗೆದಾರರು ವಿನ್ಯಾಸ ಬದಲಿಸಿದಾಗ ಕಡತಕೋಶಗಳ ಹೆಸರನ್ನೆಲ್ಲ ಬದಲಿಸಿದರು. ಒಂದೇ ರಾತ್ರಿಯಲ್ಲಿ ಎಲ್ಲ ಲಿಂಕುಗಳೂ ಸತ್ತವು. ನಮ್ಮ ಆಂತರಿಕ ಗುಣಮಟ್ಟ ಘಟಕವಾದ ಐಕ್ಯೂಎಸಿಯವರು ವಾರಗಟ್ಟಲೆ ಕುಳಿತು ಒಂದೊಂದನ್ನೇ ಹುಡುಕಿ ಮತ್ತೆ ಜೋಡಿಸಿದರು. ಜೊತೆಗೆ ನಮ್ಮ ಡೊಮೈನ್ (ಜಾಲತಾಣದ ವಿಳಾಸ) ನವೀಕರಣದ ಎಚ್ಚರಿಕೆ ಪತ್ರಗಳು ನಿವೃತ್ತರಾದವರೊಬ್ಬರ ವೈಯಕ್ತಿಕ ಇಮೇಲಿಗೆ ಹೋಗುತ್ತಿದ್ದವು. ‘ಎಸಿ ಡಾಟ್ ಇನ್’ ವಿಳಾಸಗಳನ್ನು ಕೊಡುವುದು ಕೇಂದ್ರ ಸರ್ಕಾರದ ಅಧೀನದ ಅರ್ನೆಟ್ ಇಂಡಿಯಾ. ನಿಮ್ಮ ಸಂಸ್ಥೆಯ ಹೆಸರಿನಲ್ಲಿ ಅಲ್ಲಿ ಯಾರ ಇಮೇಲ್ ದಾಖಲಾಗಿದೆ ಎಂದು ಇವತ್ತೇ ನೋಡಿಕೊಳ್ಳಿ.

ಗುತ್ತಿಗೆ ಬೇಡವೆಂದು ಎರಡನೆಯ ಸಲ ಎಲ್ಲ ವಿಭಾಗಗಳಿಗೂ ಪಾಸ್‌ವರ್ಡ್ ಹಂಚಿದರು. ಮೂರು ತಿಂಗಳು ಉತ್ಸಾಹವೋ ಉತ್ಸಾಹ. ಪಾಸ್‌ವರ್ಡ್ ಕೊನೆಗೆ ಹೋಗಿ ಸೇರಿದ್ದು ಅತಿಥಿ ಉಪನ್ಯಾಸಕರ ಕೈಗೆ, ಏಕೆಂದರೆ ಕೆಲಸ ಮಾಡುವವರು ಅವರೇ. ಅವಧಿ ಮುಗಿದು ಅವರು ಹೋದರು, ಪಾಸ್‌ವರ್ಡ್ ಅವರೊಂದಿಗೇ ಹೋಯಿತು. ಒಂದು ವಿಭಾಗ ಆಂತರಿಕ ಅಂಕಪಟ್ಟಿಯನ್ನು ವಿದ್ಯಾರ್ಥಿಗಳ ಮೊಬೈಲ್ ಸಂಖ್ಯೆಯ ಸಮೇತ ಹಾಕಿತ್ತು. ಇನ್ನೊಂದು ಕಡೆ ಗೌರವಧನದ ಆದೇಶದ ಪ್ರತಿ ಇತ್ತು, ಬ್ಯಾಂಕ್ ಖಾತೆ ಸಂಖ್ಯೆಗಳೊಂದಿಗೆ. ಆ ಎರಡು ಪುಟಗಳನ್ನು ಇಳಿಸಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮಾತು ಹಾಗಿರಲಿ, ಹದಿನೆಂಟು ವರ್ಷದ ಹುಡುಗಿಯೊಬ್ಬಳ ಫೋನ್ ಸಂಖ್ಯೆಯನ್ನು ಊರಿಗೆಲ್ಲ ಹಂಚಲು ನಮಗೆ ಏನು ಅಧಿಕಾರ?

ಇದರಿಂದ ಬೆದರಿ ಮೂರನೆಯ ಸಲ ಸಮಿತಿಯಾಯಿತು. ಸಮಿತಿ ನಲವತ್ತು ಪುಟಗಳ ನೀತಿ ಬರೆಯಿತು. ಒಂದು ಪ್ರಕಟಣೆ ಮೇಲೇರಲು ವಿಷಯ ನಿರ್ವಾಹಕರು, ಅಧೀಕ್ಷಕರು, ಮುಖ್ಯಸ್ಥರು, ಸಮಿತಿ, ಕುಲಸಚಿವರು ಹೀಗೆ ಐದು ಸಹಿ. ಪರೀಕ್ಷಾ ಶುಲ್ಕದ ಒಂದು ಸುತ್ತೋಲೆ ಐದೂ ಸಹಿ ದಾಟಿ ಜಾಲತಾಣಕ್ಕೆ ಬರುವ ಹೊತ್ತಿಗೆ ದಂಡವಿಲ್ಲದೆ ಕಟ್ಟುವ ಕೊನೆಯ ದಿನ ಕಳೆದಿತ್ತು. ದಂಡ ಕಟ್ಟಿದವರು ಮಕ್ಕಳು.

ನಾನು ಆಗ ಬರೆದದ್ದು ಈ ಹಾಳೆ. ಅದರಲ್ಲಿ ತಳಪಾಯದ ಮಾತು ಎರಡೇ. ಪ್ರತಿ ಪುಟಕ್ಕೂ ಒಬ್ಬ ಹೊಣೆಗಾರರು ಇರಬೇಕು, ಹುದ್ದೆ ಮತ್ತು ಹೆಸರು ಎರಡೂ ಪುಟದ ಕೆಳಗೆ ಕಾಣಬೇಕು. ಪ್ರತಿ ಪುಟಕ್ಕೂ ಮುಕ್ತಾಯದ ದಿನಾಂಕ ಇರಬೇಕು. ಇವೆರಡು ತುಂಬದಿದ್ದರೆ ಪ್ರಕಟಿಸುವ ಗುಂಡಿಯೇ ಕೆಲಸ ಮಾಡುವುದಿಲ್ಲ. ಪ್ರಕಟಣೆಗೆ ಕೊನೆಯ ದಿನಾಂಕದ ನಂತರ ಮೂವತ್ತು ದಿನ, ಅಧ್ಯಾಪಕರ ಪುಟಕ್ಕೆ ಆರು ತಿಂಗಳು, ವಿಭಾಗದ ಪುಟಕ್ಕೆ ಒಂದು ವರ್ಷ. ಪರಿನಿಯಮ, ಪಠ್ಯಕ್ರಮ, ಘಟಿಕೋತ್ಸವದ ದಾಖಲೆಗಳು ಇಳಿಯುವುದಿಲ್ಲ, ವರ್ಷಕ್ಕೊಮ್ಮೆ ಹೊಣೆಗಾರರು ನೋಡಿ ಸರಿಯಿದೆ ಎಂದು ಒತ್ತಿದರೆ ಸಾಕು. ಅನುಮೋದನೆಗೆ ಒಬ್ಬರೇ, ಅವರು ಒಂದು ಕೆಲಸದ ದಿನದಲ್ಲಿ ಉತ್ತರಿಸದಿದ್ದರೆ ಹೊಣೆಗಾರರೇ ಪ್ರಕಟಿಸಬಹುದು. ಒಮ್ಮೆ ಕೊಟ್ಟ ಲಿಂಕ್ ಎಂದೂ ಸಾಯಬಾರದು; ದಾಖಲೆ ಜಾಗ ಬದಲಿಸಿದರೂ ಹಳೆಯ ವಿಳಾಸ ಹೊಸದಕ್ಕೆ ಕರೆದೊಯ್ಯಬೇಕು. ವಿದ್ಯಾರ್ಥಿಯ ಫೋನ್, ಆಧಾರ್, ಜಾತಿ, ಬ್ಯಾಂಕ್ ವಿವರ ಯಾವ ಪುಟದಲ್ಲೂ ಇರಕೂಡದು. ಸುತ್ತೋಲೆಯ ಮುಖ್ಯ ವಿಷಯ ಪಠ್ಯವಾಗಿ ಇರಬೇಕು, ಸಹಿ ಮಾಡಿದ ಪ್ರತಿ ಅದರ ಜೊತೆಗೆ.

ಅವಧಿ ಮುಗಿಯುವ ಏಳು ದಿನ ಮೊದಲು ಹೊಣೆಗಾರರಿಗೆ ಸಂದೇಶ ಹೋಗುತ್ತದೆ. ಉತ್ತರ ಬಾರದಿದ್ದರೆ ಪುಟವನ್ನು ಅಳಿಸುವುದಿಲ್ಲ, ಸಂಗ್ರಹಕ್ಕೆ ಸೇರಿಸುತ್ತೇವೆ. ಅದೇ ವಿಳಾಸದಲ್ಲಿ ಒಂದು ಸಾಲು ಉಳಿಯುತ್ತದೆ: ‘ಈ ಮಾಹಿತಿಯನ್ನು ಸಂಬಂಧಪಟ್ಟವರು ಇನ್ನೂ ದೃಢಪಡಿಸಿಲ್ಲ’, ಅದರ ಕೆಳಗೆ ಶಾಖೆಯ ಹೆಸರು. ಇಡೀ ವ್ಯವಸ್ಥೆ ನಡೆಯುತ್ತಿರುವುದು ಈ ಒಂದು ಸಾಲಿನ ಬಲದ ಮೇಲೆ.

ಕುಲಸಚಿವರು ಕೇಳಿದರು: “ಏನಪ್ಪಾ, ಮುಖ್ಯಸ್ಥರ ಪುಟವನ್ನೇ ಇಳಿಸಿಬಿಟ್ಟರೆ ನನಗೆ ಫೋನ್ ಬರುತ್ತದೆಯಲ್ಲವೇ?” “ಬರಲಿ ಸರ್. ಬಂದರೆ ಆ ಪುಟವನ್ನು ನೋಡುವವರು ಇದ್ದಾರೆ ಎಂದು ಗೊತ್ತಾಗುತ್ತದೆ” ಎಂದೆ. ಅವರು ನಕ್ಕರು, ಆದರೆ ಕಡತವನ್ನು ಪಕ್ಕಕ್ಕೆ ಇಟ್ಟರು. ಆ ಕಡತ ಹೊರಬಂದದ್ದು ಕಾನೂನಿನ ದಾರಿಯಿಂದ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕರಣ ಸಾರ್ವಜನಿಕ ಪ್ರಾಧಿಕಾರಗಳು ತಾವಾಗಿಯೇ ಪ್ರಕಟಿಸಬೇಕಾದ ಹದಿನೇಳು ಬಾಬತ್ತುಗಳನ್ನು ಪಟ್ಟಿ ಮಾಡುತ್ತದೆ, ಅವನ್ನು ಪ್ರತಿ ವರ್ಷ ನವೀಕರಿಸಬೇಕು ಎಂದೂ ಅಲ್ಲೇ ಹೇಳಿದೆ. ಅಂದರೆ ಪುಟಕ್ಕೆ ಅವಧಿ ಇರಬೇಕೆಂಬುದು ನನ್ನ ಹುಚ್ಚು ಕಲ್ಪನೆಯಲ್ಲ. ಕೇಂದ್ರ ಸರ್ಕಾರದ ಜಾಲತಾಣ ಮಾರ್ಗಸೂಚಿಗಳು 2009ರಲ್ಲೇ ಬಂದವು, ಮೂರನೆಯ ಆವೃತ್ತಿ 2023ರದ್ದು. ವಿಷಯವನ್ನು ಯಾರು ಕೊಡಬೇಕು, ಯಾರು ಒಪ್ಪಬೇಕು, ಯಾವಾಗ ಮರುಪರಿಶೀಲಿಸಬೇಕು, ಯಾವಾಗ ಸಂಗ್ರಹಕ್ಕೆ ಕಳಿಸಬೇಕು ಎಂಬುದಕ್ಕೆ ಅಲ್ಲಿ ಬೇರೆ ಬೇರೆ ನೀತಿಗಳನ್ನು ಕೇಳುತ್ತಾರೆ. ಹಿಂದಿನ ಸಮಿತಿ ಅವನ್ನು ನಲವತ್ತು ಪುಟಕ್ಕೆ ಹಿಗ್ಗಿಸಿತ್ತು, ನಾನು ಒಂದು ಹಾಳೆಗೆ ಇಳಿಸಿದೆ. ಟಿಪ್ಪಣಿಯಲ್ಲಿ ಈ ಎರಡು ಆಧಾರಗಳನ್ನು ಮಾತ್ರ ಬರೆದೆ. ಎರಡು ದಿನದಲ್ಲಿ ಸಹಿಯಾಯಿತು.

ವಿಭಾಗಗಳ ಮುಖ್ಯಸ್ಥರೆಲ್ಲ ಹೊಣೆಗಾರರ ನಮೂನೆಗೆ ಒಂದೇ ವಾರದಲ್ಲಿ ಸಹಿ ಹಾಕಿದ್ದು ಹೇಗೆ ಎಂದು ಬಹಳ ಜನ ಕೇಳುತ್ತಾರೆ. ಆ ಉಪಾಯ ನಮ್ಮಲ್ಲೇ ಇರಲಿ. ಒಂದು ಸುಳಿವು ಕೊಡಬಲ್ಲೆ: ನಮೂನೆಯನ್ನು ಖಾಲಿಯಾಗಿ ಕಳಿಸಬೇಡಿ.

ಶುರುವಿನಲ್ಲಿ ಎಣಿಸಿದಾಗ ಸುಮಾರು 1,400 ಪುಟಗಳಿದ್ದವು. ಅದರಲ್ಲಿ ಒಂಬೈನೂರಕ್ಕೂ ಹೆಚ್ಚು ಪುಟಗಳನ್ನು ‘ನಮ್ಮದು’ ಎನ್ನುವವರೇ ಇರಲಿಲ್ಲ. ಎರಡು ವಿಭಾಗಗಳ ಪುಟಗಳಲ್ಲಿ ವರ್ಗವಾಗಿ ಹೋದವರು ಇನ್ನೂ ಮುಖ್ಯಸ್ಥರಾಗಿದ್ದರು. ಮೊದಲ ಸುತ್ತು ಮುಗಿದಾಗ ನಾಲ್ಕುನೂರರ ಆಸುಪಾಸು ಉಳಿದವು. ಉಳಿದದ್ದರಲ್ಲಿ ಒಂದೂ ಸುಳ್ಳು ಹೇಳುವುದಿಲ್ಲ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ.

ಈ ನಡುವೆ ನನ್ನನ್ನು ಬಹಳ ದಿನ ಹಿಡಿದು ಕೂರಿಸಿದ್ದು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪಿಸಿದ ಹಳೆಯ ಸುತ್ತೋಲೆಗಳು. ಪರೀಕ್ಷಾ ಶುಲ್ಕದ ಒಂದು ಸುತ್ತೋಲೆಯನ್ನೇ ತೆಗೆದುಕೊಳ್ಳಿ. ನುಡಿಯಲ್ಲಿ ಟೈಪಿಸಿ, ಮುದ್ರಿಸಿ, ಸಹಿ ಮಾಡಿ, ಮೊಹರು ಒತ್ತಿ, ಓರೆಯಾಗಿ ಸ್ಕ್ಯಾನ್ ಮಾಡಿ ಹಾಕಿದ್ದರು. ಎಡಗಡೆ ಪಂಚ್ ಮಾಡಿದ ಎರಡು ತೂತಿನ ಕಪ್ಪು ಗುರುತು, ಮೊಹರಿನ ನೀಲಿ ಶಾಯಿ ಸರಿಯಾಗಿ ಕೊನೆಯ ದಿನಾಂಕದ ಮೇಲೆ. ಮೂರೂವರೆ ಎಂಬಿ. ಅದೇ ವಿಷಯ ಪಠ್ಯವಾಗಿ ಹದಿನೈದು ಕೆಬಿಯೂ ಆಗಲಿಲ್ಲ. ಬೆಟ್ಟದ ಮರೆಯಲ್ಲಿ ಒಂದು ಗೀಟು ಸಿಗ್ನಲ್ ಹಿಡಿದು ನಿಂತ ಹುಡುಗನಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಹಳೆಯ ನುಡಿ ಕಡತಗಳನ್ನು ಎಲ್ಲ ಸಾಧನಗಳೂ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಕನ್ನಡಕ್ಕೆ ಅವು ಪರವಾಗಿಲ್ಲ. ಅರ್ಕಾವೊತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ, ಕಣ್ಣಿಟ್ಟು ತಿದ್ದಬಹುದು. ನಿಜವಾದ ತೊಂದರೆ ನಡುನಡುವೆ ಬರುವ ಇಂಗ್ಲಿಷ್ ಅಕ್ಷರಗಳದ್ದು. ಪ್ರಶ್ನೆಪತ್ರಿಕೆಯ ಸಂಕೇತ, ವಿಷಯದ ಹೆಸರು ಎಲ್ಲವೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ತಿರುಗಿಬಿಡುತ್ತವೆ. ವೇಳಾಪಟ್ಟಿಯಲ್ಲಿ ಹೀಗಾದರೆ ಅನಾಹುತ. ಇಂಗ್ಲಿಷ್ ಭಾಗವನ್ನು ಮೊದಲೇ ಗುರುತಿಸಿ ಪಕ್ಕಕ್ಕಿಟ್ಟು, ಪರಿವರ್ತನೆಯಾದ ಮೇಲೆ ಮತ್ತೆ ಕೂರಿಸುವ ಸಣ್ಣ ಸ್ಕ್ರಿಪ್ಟ್ ಒಂದನ್ನು ಬರೆದುಕೊಂಡೆ. ಅದು ಸುಮಾರು ಅರವತ್ತು ಸಾಲಿನದು. ಗುರುತಿಸುವುದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಕಡತದ ಫಾಂಟ್ ಮಾಹಿತಿಯನ್ನು ಗಮನವಿಟ್ಟು ನೋಡುವವರಿಗೆ ದಾರಿ ಸಿಗುತ್ತದೆ.

ದೃಷ್ಟಿದೋಷವಿರುವ ಒಬ್ಬ ಬಿ.ಎ. ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ಬಗೆಯ ಸುತ್ತೋಲೆಗಳನ್ನು ಪರೀಕ್ಷಿಸಿದೆ. ಎನ್‌ವಿಡಿಎ ಪರದೆಯಲ್ಲಿರುವುದನ್ನು ಓದಿ ಹೇಳುವ ಉಚಿತ ತಂತ್ರಾಂಶ, ಅದರ ಜೊತೆಗೆ ಬರುವ ಇ-ಸ್ಪೀಕ್ ಎಂಬ ದನಿ ಕನ್ನಡವನ್ನೂ ಓದುತ್ತದೆ. ಸ್ಕ್ಯಾನ್ ಪ್ರತಿಯ ಮುಂದೆ ಅದು ಮೂಕವಾಯಿತು. ಪಠ್ಯದ ಪುಟವನ್ನು ಯಾಂತ್ರಿಕ ದನಿಯಲ್ಲಾದರೂ ದಿನಾಂಕ, ಮೊತ್ತ ಸಮೇತ ಓದಿತು. “ಸರ್, ಇಷ್ಟು ದಿನ ಇದನ್ನು ಯಾರಾದರೂ ಓದಿ ಹೇಳಲಿ ಎಂದು ಕಾಯುತ್ತಿದ್ದೆ” ಎಂದ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ನಮಗೆ ಹೇಳಿದ್ದು ಇದನ್ನೇ. ಪಠ್ಯದ ನಿಯಮವನ್ನು ಸಡಿಲಿಸಿ ಎಂದು ಆಮೇಲೆ ಯಾರು ಕೇಳಿದರೂ ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ಇನ್ನೊಂದು ಪ್ರಯೋಗ ಅಷ್ಟಾಗಿ ಫಲಿಸಲಿಲ್ಲ. ಸೂಚನಾ ಫಲಕಗಳಿಗೆಲ್ಲ ಕ್ಯೂಆರ್ ಕೋಡ್ ಅಂಟಿಸಿದೆವು, ಎರಡು ಸಾವಿರ ಖರ್ಚಾಯಿತು. ಅದರ ಮೇಲೆ ಬೇರೆ ಚೀಟಿಗಳು ಬಿದ್ದವು, ಕೆಲವು ಬಿಸಿಲಿಗೆ ಮಾಸಿದವು. ಶುಲ್ಕ ಕಟ್ಟುವ ಕಿಟಕಿಯ ಪಕ್ಕದಲ್ಲಿ ಇಟ್ಟದ್ದು ಮಾತ್ರ ಚೆನ್ನಾಗಿ ನಡೆಯುತ್ತಿದೆ, ಸಾಲಿನಲ್ಲಿ ನಿಂತವರು ಮೊಬೈಲ್ ತೆಗೆದು ನೋಡುತ್ತಾರೆ. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾದರೂ ಹುಡುಕುವವರಲ್ಲಿ ಅನೇಕರು ಈಗಲೂ ಹಳೆಯದನ್ನೇ ಬರೆಯುತ್ತಾರೆ, ಆದ್ದರಿಂದ ಮುಖ್ಯ ಪುಟಗಳ ವಿವರಣೆಯಲ್ಲಿ ಎರಡನ್ನೂ ಇಟ್ಟಿದ್ದೇವೆ.

ಹಣದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಸರ್ವರ್ ಬಾಡಿಗೆ ತಿಂಗಳಿಗೆ ಸುಮಾರು 1,500. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ ಪಟ್ಟಿಯಲ್ಲಿರುವ ಸಂಸ್ಥೆಯಿಂದ ಸುರಕ್ಷತಾ ಆಡಿಟ್‌ಗೆ 65,000ದ ಹತ್ತಿರ. ಇಬ್ಬರು ಎಂಸಿಎ ವಿದ್ಯಾರ್ಥಿಗಳಿಗೆ ಐದು ತಿಂಗಳು ತಲಾ ಐದು ಸಾವಿರ. ಮುದ್ರಣ, ಲ್ಯಾಮಿನೇಶನ್, ಕ್ಯೂಆರ್ ಎಲ್ಲ ಸೇರಿ ಮೂರೂವರೆ ಸಾವಿರ. ಮೊದಲ ವರ್ಷ ಒಂದು ಲಕ್ಷ ನಲವತ್ತು ಸಾವಿರದೊಳಗೆ ಮುಗಿಯಿತು. ಎರಡನೆಯ ವರ್ಷ ಆಡಿಟ್ ಬಿಟ್ಟರೆ ಮೂವತ್ತು ಸಾವಿರವೂ ದಾಟಲಿಲ್ಲ. ಲೆಕ್ಕಪತ್ರ ಶಾಖೆಯವರು ನನ್ನ ಬಿಲ್ಲನ್ನು ಎರಡು ಸಲ ತಿರುಗಿಸಿ ನೋಡಿದರು. ಆಡಿಟ್‌ನಲ್ಲಿ ಮಾತ್ರ ಉಳಿತಾಯ ಹುಡುಕಬೇಡಿ.

ನೀವು ಶುರುಮಾಡುವುದಾದರೆ ಪರೀಕ್ಷಾ ವಿಭಾಗದಿಂದ ಶುರುಮಾಡಿ. ಅಲ್ಲಿಯ ಪುಟಗಳನ್ನು ದಿನವೂ ಸಾವಿರಾರು ಮಂದಿ ನೋಡುತ್ತಾರೆ, ಫೋನ್ ಕರೆಗಳ ಕಾಟ ಅಲ್ಲೇ ಹೆಚ್ಚು. ಪುಟ ಸರಿಯಿದ್ದರೆ ಕರೆಗಳು ಕಡಿಮೆಯಾಗುತ್ತವೆ ಎಂಬುದು ಆ ಸಿಬ್ಬಂದಿಗೆ ಎರಡೇ ವಾರದಲ್ಲಿ ಗೊತ್ತಾಯಿತು. ಉಳಿದ ಶಾಖೆಗಳಿಗೆ ಹೇಳುವ ಕೆಲಸವನ್ನು ಅವರೇ ಮಾಡಿದರು. ಕುಲಪತಿಗಳ ಸಂದೇಶದ ಪುಟ, ಕ್ಯಾಂಪಸ್ಸಿನ ಚಿತ್ರಗಳ ಪುಟ ಕೊನೆಗೆ ಬರಲಿ. ಈ ಜೂನಿನಿಂದ ನಮ್ಮ ಸಂಯೋಜಿತ ಕಾಲೇಜುಗಳಲ್ಲಿ ಆರಕ್ಕೆ ಇದೇ ಹಾಳೆಯನ್ನು ಕೊಡುತ್ತಿದ್ದೇವೆ. ಅಲ್ಲಿ ಸಿಬ್ಬಂದಿ ಕಡಿಮೆ, ಒಬ್ಬರೇ ಮೂರು ಶಾಖೆ ನೋಡಿಕೊಳ್ಳುತ್ತಾರೆ. ಹಾಗಾಗಿ ಪ್ರಕಟಣೆಯ ಮೂವತ್ತು ದಿನವನ್ನು ಹಾಗೆಯೇ ಉಳಿಸಿ, ಅಧ್ಯಾಪಕರ ಪುಟದ ಆರು ತಿಂಗಳನ್ನು ಒಂದು ವರ್ಷಕ್ಕೆ ಏರಿಸಿದ್ದೇನೆ.