ಶೂಗೆ ವಾಟರ್‌ಪ್ರೂಫ್ ಸ್ಪ್ರೇ ಹೊಡೆಯುತ್ತೀರಾ? ಮೊದಲು ಹೊರಗೆ ಬನ್ನಿ

ಹೊಸ ಶೂ ನೆನೆಯಬಾರದು ಅಂತ ಸ್ಪ್ರೇ ಡಬ್ಬಿ ತರುತ್ತೀರಿ. ಮನೆಯೆಲ್ಲ ವಾಸನೆ ಆಗುತ್ತದೆ ಅಂತ ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ಕುಕ್ಕರಗಾಲಲ್ಲಿ ಕೂತು, ಹೊಲಿಗೆ ಹೊಲಿಗೆಗೂ ಬೀಳಲಿ ಅಂತ ಮೂಗನ್ನು ಶೂ ಹತ್ತಿರವೇ ತಂದು ಪುಸ್ ಪುಸ್ ಹೊಡೆಯುತ್ತೀರಿ. ಎರಡೇ ನಿಮಿಷದ ಕೆಲಸ. ಶ್ವಾಸಕೋಶ ಕೆಡುವುದಕ್ಕೂ ಅಷ್ಟು ಸಾಕು.

ನೀರನ್ನು ಅಂಟಗೊಡದಿರುವುದು ಇದರಲ್ಲಿರುವ ಫ್ಲೋರಿನ್ ಪಾಲಿಮರ್ ಅಥವಾ ಸಿಲಿಕೋನ್. ಈಗ ಶ್ವಾಸಕೋಶದ ಒಳಗೆ ನೋಡಿ. ಅಲ್ಲಿನ ಪುಟ್ಟ ಪುಟ್ಟ ಗಾಳಿಚೀಲಗಳ ಒಳಗೋಡೆಗೆ ಸರ್ಫ್ಯಾಕ್ಟಂಟ್ ಎಂಬ ತೆಳ್ಳನೆಯ ಪದರವಿದೆ. ಉಸಿರು ಬಿಟ್ಟಾಗ ಚೀಲ ಮುದುಡಿಹೋಗದಂತೆ ಕಾಯುವುದು ಅದೇ. ಸ್ಪ್ರೇ ಹನಿ ಅಲ್ಲಿಗೆ ಹೋದರೆ ಆ ಪದರ ಕೆಡುತ್ತದೆ, ಚೀಲಗಳು ಕುಸಿಯುತ್ತವೆ, ರಕ್ತಕ್ಕೆ ಆಮ್ಲಜನಕ ಸಾಲುವುದಿಲ್ಲ.

ಅಷ್ಟು ಆಳಕ್ಕೆ ಹೋಗುವುದು 10 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತ, ಸಣ್ಣ ಹನಿಗಳು. 2006ರಲ್ಲಿ ಜರ್ಮನಿಯಲ್ಲಿ ಬಾತ್‌ರೂಮಿನ ಗಾಜು, ಟೈಲ್ಸಿಗೆ ಹೊಡೆಯುವ ಒಂದು ಸ್ಪ್ರೇಯಿಂದ ಕೆಲವೇ ದಿನಗಳಲ್ಲಿ ಸುಮಾರು 100 ಜನ ಉಸಿರಾಟದ ತೊಂದರೆಗೆ ಸಿಕ್ಕಿದರು. ಅದೇ ಹೆಸರಿನ ಸ್ಪ್ರೇ ಕೈಪಂಪಿನ ಬಾಟಲಿಯಲ್ಲಿ ಬರುತ್ತಿದ್ದಾಗ ಇಂಥ ದೂರು ಇರಲಿಲ್ಲ. ಗ್ಯಾಸ್ ತುಂಬಿದ ಡಬ್ಬಿಗೆ ಬದಲಾಯಿಸಿದ ಮೇಲೆ ಶುರುವಾಯಿತು. ಪಂಪಿನ ಹನಿ ದಪ್ಪ, ಬೇಗ ಕೆಳಗೆ ಬೀಳುತ್ತದೆ. ಡಬ್ಬಿಯದು ಮಂಜಿನ ಹಾಗೆ ತೇಲುತ್ತದೆ.

ಹಾಗಾಗಿ ಮೊದಲ ಹೆಜ್ಜೆ ಅಂಗಡಿಯಲ್ಲೇ. ಉಜ್ಜುವ ಮೇಣ, ಕ್ರೀಮು ಸಿಕ್ಕರೆ ಅದನ್ನೇ ತನ್ನಿ. ಸ್ಪ್ರೇಯೇ ಬೇಕು ಅಂದರೆ ಬಯಲಿಗೆ ಬನ್ನಿ. ಕಿಟಕಿ ತೆರೆದಿದ್ದೇನಲ್ಲ, ಫ್ಯಾನ್ ಹಾಕಿದ್ದೇನಲ್ಲ ಅನ್ನಬೇಡಿ, ಅದು ಸಾಲದು. ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಶೂ ನೆಲದ ಮೇಲಿರಲಿ, ಬಗ್ಗಿ ನೋಡಬೇಡಿ, ಕೈ ಚಾಚಿ ಸ್ವಲ್ಪ ಸ್ವಲ್ಪವೇ ಹೊಡೆಯಿರಿ. ಮನೆಮಂದಿಯ ಶೂ, ಬ್ಯಾಗು, ಜಾಕೆಟ್ಟು ಎಲ್ಲ ಒಂದೇ ದಿನ ಮುಗಿಸುವ ಹಟ ಬೇಡ. ಪೂರ್ತಿ ಒಣಗುವವರೆಗೆ ಹೊರಗೇ ಬಿಡಿ. ಬಟ್ಟೆ ಮಾಸ್ಕ್ ಇದಕ್ಕೆ ಪ್ರಯೋಜನವಿಲ್ಲ, ಸುಮ್ನೆ ಧೈರ್ಯ ಕೊಡುತ್ತದೆ ಅಷ್ಟೇ.

ಸಿಗರೇಟು? ಬೇಡವೇ ಬೇಡ. ಡಬ್ಬಿಯ ಗ್ಯಾಸಿಗೆ ಬೆಂಕಿ ಹತ್ತೀತು ಅನ್ನುವುದು ಒಂದು, ಫ್ಲೋರಿನ್ ಪಾಲಿಮರ್ ಜಾಸ್ತಿ ಕಾದಾಗ ಬರುವ ಹೊಗೆ ಇನ್ನೂ ವಿಷ ಅನ್ನುವುದು ಇನ್ನೊಂದು.

ಇಷ್ಟಾದ ಮೇಲೂ ಕೆಮ್ಮು, ಎದೆ ಬಿಗಿತ, ಏದುಸಿರು ಬಂತೇ? ಕೆಲವರಿಗೆ ನಿಮಿಷಗಳಲ್ಲಿ, ಕೆಲವರಿಗೆ ಗಂಟೆಗಳು ಕಳೆದ ಮೇಲೆ ಬರುತ್ತದೆ. ಚಳಿಜ್ವರ, ವಾಕರಿಕೆಯೂ ಇರುವುದರಿಂದ ಫ್ಲೂ ಅಂದುಕೊಂಡು ಮಲಗಿಬಿಡುತ್ತಾರೆ. ತಕ್ಷಣ ಹೊರಗಿನ ಗಾಳಿಗೆ ಬನ್ನಿ. ಉಸಿರು ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಇದಕ್ಕಂತಲೇ ಮದ್ದಿಲ್ಲ, ಆಮ್ಲಜನಕ ಕೊಟ್ಟು ನೋಡಿಕೊಳ್ಳುತ್ತಾರೆ. ಹೆಚ್ಚಿನವರು ಕೆಲವೇ ದಿನಗಳಲ್ಲಿ ಸುಧಾರಿಸುತ್ತಾರೆ, ಅಪರೂಪಕ್ಕೆ ವೆಂಟಿಲೇಟರ್ ಬೇಕಾಗುತ್ತದೆ. ಎಕ್ಸ್‌ರೇಯಲ್ಲಿ ಇದು ನ್ಯುಮೋನಿಯಾದಂತೆಯೇ ಕಾಣಬಹುದು, ಸ್ಪ್ರೇ ವಿಷಯ ನೀವು ಹೇಳದಿದ್ದರೆ ಡಾಕ್ಟರಿಗೆ ಹೊಳೆಯುವುದಾದರೂ ಹೇಗೆ, ಅಲ್ವಾ? ಡಬ್ಬಿಯ ಲೇಬಲ್ಲಿನ ಫೋಟೊ ತೆಗೆದುಕೊಂಡೇ ಹೊರಡಿ.