ಸಾಲ್ಸಾ ಫ್ಲೋರಿನಲ್ಲಿ ಯಾರಿಗೂ ಪೆಟ್ಟಾಗದಂತೆ ಕುಣಿಯುವುದು ಹೇಗೆ?

ಇಂದಿರಾನಗರದಲ್ಲಿ ಮಹಡಿ ಮೇಲಿನ ಒಂದು ಕೆಫೆ. ಬುಧವಾರ ರಾತ್ರಿಯ ಸಾಲ್ಸಾ ಸೋಶಿಯಲ್, ಅಂದರೆ ಸಾಲ್ಸಾ ಎಂಬ ಜೋಡಿ ನೃತ್ಯ ಕಲಿತವರು ಒಟ್ಟಿಗೆ ಸೇರಿ ಕುಣಿಯುವ ಕೂಟ. ಮೂವತ್ತು ಜನ ಕುಣಿಯಬಹುದಾದ ಜಾಗದಲ್ಲಿ ಅವತ್ತು ಅರವತ್ತು ಜನ ಇದ್ದರು. ನಾನು ಜೊತೆಗಾತಿಯನ್ನು ಜೋರಾಗಿ ಒಂದು ಟರ್ನ್‌ಗೆ ಕಳಿಸಿದೆ, ಯಾವ ಕಡೆ ಕಳಿಸುತ್ತಿದ್ದೇನೆ ಅಂತ ನೋಡಲೇ ಇಲ್ಲ. ಅವರ ಹೀಲ್ಸ್ ಪಕ್ಕದ ಜೋಡಿಯ ಹುಡುಗಿಯ ಪಾದದ ಮೇಲೆ ಇಳಿಯಿತು. ಅಷ್ಟು ದೊಡ್ಡ ಹಾಡಿನ ನಡುವೆಯೂ ಆ ಕೂಗು ಕೇಳಿಸಿತು. ಕುರ್ಚಿಯಲ್ಲಿ ಕೂರಿಸಿ, ಮೊಬೈಲ್ ಟಾರ್ಚ್ ಹಾಕಿ ನೋಡಿದರೆ, ಹೆಬ್ಬೆರಳಿನಿಂದ ಸ್ವಲ್ಪ ಮೇಲೆ ಶರ್ಟಿನ ಗುಂಡಿಯಷ್ಟು ಅಗಲದ ದುಂಡನೆಯ ಗುರುತು. ನಡುವೆ ಚರ್ಮ ಬಿಳಿಚಿಕೊಂಡಿತ್ತು, ಅಂಚಿನಲ್ಲಿ ರಕ್ತ ಜಿನುಗುತ್ತಿತ್ತು. ಹೀಲ್ಸ್ ಹಾಕಿದ್ದವರು ಮೂರು ಸಲ ಸಾರಿ ಕೇಳಿದರು. ಸಾರಿ ಕೇಳಬೇಕಾಗಿದ್ದವನು ನಾನು. ಅವರಿಗೆ ಬೆನ್ನ ಹಿಂದೆ ಏನಿದೆ ಅಂತ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು.

ಅವತ್ತಿನಿಂದ ನಾನು ಕುಣಿಯುವ ರೀತಿಯೇ ಬದಲಾಗಿದೆ. ಸೋಶಿಯಲ್‌ಗಳಲ್ಲಿ ಆಗುವ ಪೆಟ್ಟುಗಳಲ್ಲಿ ಬಹಳಷ್ಟು ತಪ್ಪಿಸಬಹುದಾದವು ಅಂತ ನನಗೆ ಚೆನ್ನಾಗಿ ಗೊತ್ತಾಗಿದೆ. ಕಷ್ಟದ ಸ್ಟೆಪ್‌ಗಿಂತ ನೋಡದೆ ಹಾಕಿದ ಸುಲಭದ ಸ್ಟೆಪ್‌ನಿಂದಲೇ ಜಾಸ್ತಿ ಜನ ನೋವು ತಿನ್ನುವುದನ್ನು ಕಂಡಿದ್ದೇನೆ. ಹೊಸದಾಗಿ ಸಾಲ್ಸಾ, ಅದರಂಥದೇ ಇನ್ನೊಂದು ಜೋಡಿ ನೃತ್ಯವಾದ ಬಚಾಟಾ ಕಲಿತು ಮೊದಲ ಸೋಶಿಯಲ್‌ಗೆ ಹೊರಟವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮನೆಯಿಂದ ಹೊರಡುವ ಮುಂಚೆ

ಉಗುರು ಕತ್ತರಿಸಿಕೊಳ್ಳಿ. ಉಂಗುರ, ವಾಚ್, ಕಡಗ, ಬಳೆ ಮನೆಯಲ್ಲೇ ಬಿಡಿ. ಕೈ ಹಿಡಿದು ತಿರುಗುವಾಗ ಉಂಗುರ ಇನ್ನೊಬ್ಬರ ಬೆರಳು ಗೀರುತ್ತದೆ, ಬಟ್ಟೆಗೆ ಸಿಕ್ಕಿ ಎಳೆದರೆ ನಿಮ್ಮ ಬೆರಳೇ ಜಖಂ ಆಗಬಹುದು. ಜೋತಾಡುವ ಜುಮಕಿ, ದೊಡ್ಡ ರಿಂಗ್ ಇದ್ದರೆ ಲೀಡ್ ಮಾಡುವವರ (ಜೋಡಿಯಲ್ಲಿ ಕುಣಿತ ನಡೆಸುವವರ) ಬೆರಳು ಸಿಕ್ಕಿಕೊಂಡು ಕಿವಿ ಹರಿಯುವ ಸಾಧ್ಯತೆ ಇದೆ. ಉದ್ದ ಜಡೆ ಇದ್ದವರು ಗಂಟು ಹಾಕಿಕೊಳ್ಳಿ, ವೇಗದ ಸ್ಪಿನ್‌ನಲ್ಲಿ ಜಡೆಯ ತುದಿ ಕಣ್ಣಿಗೆ ಬಡಿದರೆ ಕಣ್ಣೀರು ಬಂದುಬಿಡುತ್ತದೆ. ಪ್ಯಾಂಟಿನ ಜೇಬಿನಲ್ಲಿ ಕೀ ಗೊಂಚಲು ಬೇಡ.

ಚಪ್ಪಲಿ ವಿಷಯಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ಓಡುವ ಶೂಗಳ ರಬ್ಬರ್ ಸೋಲ್ ನೆಲವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ. ಆ ತಿರುಚು ಹೋಗಿ ಮಂಡಿಯ ಮೇಲೆ ಬೀಳುತ್ತದೆ. ಡ್ಯಾನ್ಸ್ ಶೂಗಳಿಗೆ ಸ್ವೇಡ್ (ಮೇಲ್ಮೈ ಸ್ವಲ್ಪ ಒರಟಾದ ಮೆತ್ತನೆ ತೊಗಲು) ಅಥವಾ ಸಾದಾ ತೊಗಲಿನ ಸೋಲ್ ಹಾಕುವುದು ಇದಕ್ಕೇ, ಅದು ಬೇಕಾದಷ್ಟು ಜಾರುತ್ತದೆ, ಬೇಕಾದಷ್ಟು ಹಿಡಿಯುತ್ತದೆ. ಡ್ಯಾನ್ಸ್ ಶೂ ಕೊಳ್ಳಲು ಈಗಲೇ ದುಡ್ಡಿಲ್ಲದಿದ್ದರೆ ಸೋಲ್ ನಯವಾಗಿರುವ, ಪಾದಕ್ಕೆ ಗಟ್ಟಿಯಾಗಿ ಕೂರುವ ಹಳೆಯ ಶೂ ಸಾಕು. ಹೀಲ್ಸ್ ಹಾಕುವವರು ಹಿಮ್ಮಡಿಯ ಹತ್ತಿರ ಪಟ್ಟಿ ಇರುವುದನ್ನೇ ಹಾಕಿ. ಹವಾಯಿ ಚಪ್ಪಲಿ, ಹಿಂದೆ ಪಟ್ಟಿ ಇಲ್ಲದ ಸ್ಯಾಂಡಲ್ ಯಾವತ್ತೂ ಬೇಡ.

ಹೀಲ್ಸ್ ಯಾಕೆ ಅಷ್ಟು ಅಪಾಯ ಅಂತ ಒಂದು ಲೆಕ್ಕ ಹಾಕಿ ನೋಡಿ. ದಸರಾ ಆನೆಯ ತೂಕ 5000 ಕೆಜಿ ಅಂದುಕೊಳ್ಳೋಣ. ಅದು ನಾಲ್ಕು ಕಾಲಿನ ಮೇಲೆ ಹಂಚಿಹೋಗುತ್ತದೆ. ಒಂದೊಂದು ಪಾದ 40 ಸೆಂಟಿಮೀಟರ್ ಅಗಲ ಅಂದರೂ ಚದರ ಸೆಂಟಿಮೀಟರಿಗೆ ಬೀಳುವುದು ಸುಮಾರು 1 ಕೆಜಿ. 60 ಕೆಜಿ ತೂಕದವರ ಪೂರ್ತಿ ಭಾರ 1 ಚದರ ಸೆಂಟಿಮೀಟರಿನ ಹೀಲ್ ತುದಿಯ ಮೇಲೆ ಬಂದರೆ ಅಷ್ಟೇ ಜಾಗದಲ್ಲಿ 60 ಕೆಜಿ. ಪಾದದ ಮೇಲ್ಭಾಗದಲ್ಲಿ ಮಾಂಸ ಕಡಿಮೆ, ಸಣ್ಣ ಎಲುಬುಗಳೇ ಜಾಸ್ತಿ. ಆದ್ದರಿಂದ ಮುಂಗಾಲು ಮುಚ್ಚಿರುವ ಶೂ ಹಾಕಿದರೆ ಒಳ್ಳೆಯದು. ಗಂಡಸರಿಗೂ ಇದು ಅನ್ವಯಿಸುತ್ತದೆ.

ಫ್ಲೋರಿಗೆ ಬಂದಾಗ

ಮೊದಲು ನೆಲ ನೋಡಿ. ಚೆಲ್ಲಿದ ನೀರು, ಬಿಯರ್, ಬಿದ್ದ ನಿಂಬೆ ಹೋಳು, ಸ್ಪೀಕರ್ ವೈರ್, ಟೈಲ್ಸ್ ಎದ್ದಿರುವ ಮೂಲೆ. ಕಂಡರೆ ಹೋಟೆಲಿನವರಿಗೆ ಹೇಳಿ ಒರೆಸಿಸಿ, ಯಾರಾದರೂ ಹೇಳುತ್ತಾರೆ ಬಿಡಿ ಅಂತ ಸುಮ್ನೆ ಇರಬೇಡಿ. ಫ್ಲೋರ್ ಅಂಟುತ್ತದೆ ಅಂತ ಪೌಡರ್ ಉದುರಿಸುವವರಿದ್ದಾರೆ. ದಯವಿಟ್ಟು ಬೇಡ. ನಿಮ್ಮ ಶೂಗೆ ಹಿತವಾದದ್ದು ಪಕ್ಕದವರನ್ನು ಜಾರಿ ಬೀಳಿಸುತ್ತದೆ. ಆಮೇಲೆ ಐದು ನಿಮಿಷ ಭುಜ, ಸೊಂಟ, ಪಾದದ ಕೀಲು ತಿರುಗಿಸಿ ಮೈ ಬಿಸಿ ಮಾಡಿಕೊಳ್ಳಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು, ಒಂದು ಗಂಟೆ ಟ್ರಾಫಿಕ್‌ನಲ್ಲಿ ಸಿಕ್ಕಿ ಬಂದ ಮೈ ಅದು.

ಕೈ ಹಿಡಿಯುವ ರೀತಿ

ಇದನ್ನು ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ, ಸೋಶಿಯಲ್‌ನ ಗಡಿಬಿಡಿಯಲ್ಲಿ ಎಲ್ಲರೂ ಮರೆಯುತ್ತಾರೆ. ಹೆಬ್ಬೆರಳಿನಿಂದ ಅದುಮಿ ಹಿಡಿಯಬೇಡಿ. ಬೆರಳುಗಳು ಕೊಕ್ಕೆಯ ಹಾಗೆ ಸುಮ್ನೆ ಒಂದಕ್ಕೊಂದು ತಾಗಿರಲಿ, ಬೇಕಾದ ಕ್ಷಣ ಬಿಡಿಸಿಕೊಳ್ಳುವಂತಿರಲಿ. ಟರ್ನ್‌ನಲ್ಲಿ ಮಣಿಕಟ್ಟು ಕೈಯೊಳಗೇ ತಿರುಗಬೇಕು. ನೀವು ಗಟ್ಟಿಯಾಗಿ ಹಿಡಿದರೆ ತಿರುಗುವುದು ಅವರ ಮಣಿಕಟ್ಟಿನ ಬದಲು ಅವರ ಭುಜ.

ಟರ್ನ್ ಮಾಡಿಸುವಾಗ ಕೈ ಅವರ ನೆತ್ತಿಯ ಮೇಲೇ ಇರಲಿ. ಕೆಲವರು ಮಜ್ಜಿಗೆ ಕಡೆದ ಹಾಗೆ ದೊಡ್ಡ ಸುತ್ತು ಹಾಕಿಸುತ್ತಾರೆ. ಕೈ ತಲೆಯ ಹಿಂದಕ್ಕೆ ಹೋದರೆ ಅವರ ಭುಜ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಮುಂದಕ್ಕೆ ಬಂದರೆ ಮೊಣಕೈ ಮೂಗಿಗೆ ಬಡಿಯುತ್ತದೆ, ಅವರದ್ದೋ ನಿಮ್ಮದೋ. ನಿಮಗಿಂತ ಎತ್ತರದವರ ಜೊತೆ ಕುಣಿಯುವಾಗ ಕೈ ಇನ್ನೂ ಮೇಲೆ ಎತ್ತಿ. ಕೈಯನ್ನು ಬೆನ್ನ ಹಿಂದೆ ಮಡಿಸುವ ಹ್ಯಾಮರ್‌ಲಾಕ್ ಮಾಡಿಸುವುದಾದರೆ ಕೈ ಸೊಂಟದ ಮಟ್ಟದಲ್ಲೇ ಇರಲಿ, ಮೇಲಕ್ಕೆ ತಳ್ಳಲೇಬೇಡಿ. ಎಲ್ಲಾದರೂ ಬಿಗಿ ಅನ್ನಿಸಿತೋ, ಕೈ ಬಿಟ್ಟುಬಿಡಿ. ಟರ್ನ್ ಕೆಟ್ಟರೆ ಏನೂ ಆಗುವುದಿಲ್ಲ, ತಾಳದ ಎಣಿಕೆ ಮತ್ತೆ ಒಂದಕ್ಕೆ ಬಂದಾಗ ಬೇಸಿಕ್ ಸ್ಟೆಪ್, ಅಂದರೆ ಮುಂದೆ-ಹಿಂದೆ ಇಡುವ ಮೂಲ ಹೆಜ್ಜೆ, ಹಾಕಿದರಾಯಿತು.

ಫಾಲೋ ಮಾಡುವವರಿಗೂ, ಅಂದರೆ ಲೀಡ್ ನಡೆಸಿದಂತೆ ಕುಣಿಯುವವರಿಗೂ, ಒಂದು ಮಾತು. ಬಿಡುವಿರುವ ಕೈಯನ್ನು ಸ್ಟೈಲ್‌ಗೆ ಅಂತ ಬೀಸುವ ಮುಂಚೆ ಫ್ಲೋರ್ ಖಾಲಿ ಇದೆಯಾ ನೋಡಿ. ಜನ ತುಂಬಿದ್ದರೆ ಮೊಣಕೈ ಪಕ್ಕೆಗೆ ಹತ್ತಿರ ಇಟ್ಟುಕೊಳ್ಳಿ. ನಿಮ್ಮ ಲೀಡ್‌ನ ಹಿಂದೆ ಯಾರಾದರೂ ಡಿಕ್ಕಿ ಹೊಡೆಯುವಂತೆ ಕಂಡರೆ ಅವರ ಭುಜವನ್ನು ಮೆಲ್ಲಗೆ ಒತ್ತಿ ತಡೆಯಿರಿ. ಅವರ ಬೆನ್ನ ಹಿಂದಿನದು ನಿಮಗೇ ಕಾಣುವುದು.

ಜಾಗ ನೋಡಿ ಕುಣಿಯುವುದು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಸಾಲ್ಸಾದಲ್ಲಿ ಎಂಟು ಎಣಿಕೆ, ಒಂದು-ಎರಡು-ಮೂರಕ್ಕೆ ಹೆಜ್ಜೆ, ನಾಲ್ಕಕ್ಕೆ ಬಿಡುವು, ಐದು-ಆರು-ಏಳಕ್ಕೆ ಮತ್ತೆ ಹೆಜ್ಜೆ, ಎಂಟಕ್ಕೆ ಬಿಡುವು. ಒಂದರ ಮೇಲೆ ಕುಣಿಯುವ ಶೈಲಿಯಲ್ಲಿ ಲೀಡ್ ಐದಕ್ಕೆ ಬಲಗಾಲು ಹಿಂದಿಡುತ್ತಾರೆ, ಫಾಲೋ ಒಂದಕ್ಕೇ ಹಿಂದಿಡುತ್ತಾರೆ. ಎರಡೂ ಹೆಜ್ಜೆ ಕಾಣದ ಕಡೆಗೆ ಹೋಗುತ್ತವೆ. ಅದಕ್ಕೇ ಹಿಂದಿನ ಹೆಜ್ಜೆ ಒಂದು ಅಂಗೈ ಉದ್ದಕ್ಕಿಂತ ದೊಡ್ಡದಾಗಬಾರದು. ಮೊದಲು ಮುಂಗಾಲು ನೆಲಕ್ಕೆ ತಾಗಲಿ, ಹಿಮ್ಮಡಿ ಕೆಳಗಿಳಿಸುವುದೇ ಬೇಡ. ಆಗ ಕೆಳಗೆ ಯಾರದ್ದಾದರೂ ಕಾಲು ಸಿಕ್ಕಿದರೂ ಭಾರ ಹಾಕುವ ಮುಂಚೆ ಗೊತ್ತಾಗುತ್ತದೆ.

ಟರ್ನ್‌ಗೆ ಕಳಿಸುವ ಮುಂಚೆ ನಾಲ್ಕಕ್ಕೋ ಎಂಟಕ್ಕೋ ಸಿಗುವ ಆ ಬಿಡುವಿನಲ್ಲಿ ಕಣ್ಣು ಹಾಯಿಸಿ. ಜಾಗ ಇದ್ದರೆ ಕಳಿಸಿ. ಇಲ್ಲದಿದ್ದರೆ ಬೇಸಿಕ್ ಮಾಡುತ್ತಾ ಕಾಯಿರಿ. ಫಾಲೋವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಸುವ ಕ್ರಾಸ್ ಬಾಡಿ ಲೀಡ್‌ನ ಶೈಲಿಯವರು ಒಂದು ನೇರ ಗೆರೆಯ ಮೇಲೆ ಕುಣಿಯುತ್ತಾರೆ, ಕ್ಯೂಬಾದ ಕಸೀನೋ ಶೈಲಿಯವರು ಸುತ್ತುತ್ತಾ ಕುಣಿಯುತ್ತಾರೆ. ಇವರಿಬ್ಬರೂ ಪಕ್ಕಪಕ್ಕ ಬಂದರೆ ಗುದ್ದಾಟ ಖಂಡಿತ. ಸ್ವಲ್ಪ ಸರಿದು ನಿಮ್ಮಂತೆಯೇ ಕುಣಿಯುವವರ ಪಕ್ಕ ಜಾಗ ಮಾಡಿಕೊಳ್ಳಿ. ಅರ್ಜೆಂಟೀನಾದ ಟ್ಯಾಂಗೋದಲ್ಲಿ ಇದಕ್ಕೆ ಒಳ್ಳೆಯ ಕ್ರಮ ಇದೆ. ಎಲ್ಲ ಜೋಡಿಗಳೂ ಗಡಿಯಾರದ ಮುಳ್ಳಿಗೆ ಎದುರಾಗಿ ಸಾಲಾಗಿ ಸಾಗಬೇಕು, ಮುಂದಿನ ಜೋಡಿಯನ್ನು ಹಿಂದಿಕ್ಕಬಾರದು. ನಮ್ಮ ಕೋಲಾಟದಲ್ಲೂ ಹಾಗೆ, ಒಬ್ಬರು ಸಾಲು ತಪ್ಪಿದರೆ ಪಕ್ಕದವರ ಬೆರಳಿನ ಗಿಣ್ಣಿಗೆ ಏಟು. ಸಾಲ್ಸಾದಲ್ಲಿ ಅಂಥ ಸಾಲು ಇಲ್ಲ, ಆದ್ದರಿಂದ ಕಣ್ಣೇ ಕಾಯಬೇಕು.

ಡಿಪ್, ಲಿಫ್ಟ್, ತಲೆ ಸುತ್ತಿಸುವುದು

ಪರಿಚಯ ಇಲ್ಲದವರಿಗೆ ಕೇಳದೆ ಡಿಪ್ ಕೊಡಬೇಡಿ, ಅಂದರೆ ಅವರನ್ನು ಹಿಂದಕ್ಕೆ ಬಾಗಿಸಬೇಡಿ. ನಾನು ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ರೀಲ್ಸ್‌ನಲ್ಲಿ ನೋಡಿದ್ದನ್ನು ಅದೇ ರಾತ್ರಿ ಯಾರ ಮೇಲಾದರೂ ಪ್ರಯತ್ನಿಸುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಹಿಂದಕ್ಕೆ ಬಾಗಿದವರ ಕಾಲು ಜಾರಿದರೆ ಮೊದಲು ನೆಲಕ್ಕೆ ಬಡಿಯುವುದು ತಲೆಯ ಹಿಂಭಾಗ. ಬೀಳುವವರನ್ನು ಹಿಡಿಯಲು ಹೋದವರ ಸೊಂಟವೂ ಹಿಡಿದುಕೊಳ್ಳುತ್ತದೆ. ಬ್ರೆಜಿಲ್‌ನ ಝೂಕ್ ನೃತ್ಯದಲ್ಲಿ ಬರುವ, ಫಾಲೋನ ತಲೆಯನ್ನು ದುಂಡಗೆ ಸುತ್ತಿಸುವ ಚಲನೆಗಳಂತೂ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಕತ್ತಿಗೆ ಮಾತ್ರ. ಅದನ್ನು ಕಲಿಯದವರ ತಲೆ ತಿರುಗಿಸಬಾರದು, ಅಷ್ಟೇ.

ಲಿಂಡಿ ಹಾಪ್ ಎಂಬ ಜೋಡಿ ನೃತ್ಯದ ಕಥೆ ಇಲ್ಲಿ ನೆನಪಾಗುತ್ತದೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1926ರಲ್ಲಿ ಬಾಗಿಲು ತೆರೆದ ಸವಾಯ್ ಬಾಲ್‌ರೂಮ್‌ನಲ್ಲಿ ಆ ನೃತ್ಯ ಬೆಳೆಯಿತು. ಅಲ್ಲಿ 1935ರ ಒಂದು ಸ್ಪರ್ಧೆಯಲ್ಲಿ ನರ್ತಕ ಫ್ರಾಂಕಿ ಮ್ಯಾನಿಂಗ್ ತಮ್ಮ ಜೊತೆಗಾತಿ ಫ್ರೀಡಾ ವಾಷಿಂಗ್ಟನ್‌ರನ್ನು ಬೆನ್ನ ಮೇಲಿಂದ ಉರುಳಿಸಿ ಮುಂದೆ ಇಳಿಸಿದರು. ನೋಡುವವರಿಗೆ ಅದು ಆ ಕ್ಷಣದಲ್ಲಿ ಹುಟ್ಟಿದಂತೆ ಕಂಡಿರಬಹುದು. ಆದರೆ ಇಬ್ಬರೂ ಹಾಸಿಗೆ ಹಾಕಿಕೊಂಡು ಮೊದಲೇ ಅಭ್ಯಾಸ ಮಾಡಿದ್ದರು. ಅಂಥವರೇ ಹಾಸಿಗೆ ಹಾಕಿಕೊಂಡಿದ್ದರು, ಅಲ್ವಾ?

ಡಿಪ್ ಮಾಡಲೇಬೇಕು ಅನ್ನಿಸಿದರೆ ಹೀಗೆ. ಹಾಡು ಶುರುವಾಗುವ ಮುಂಚೆ ಕೇಳಿ, "ಡಿಪ್ ಪರವಾಗಿಲ್ವಾ? ಬೆನ್ನು, ಕತ್ತು ನೋವೇನಾದರೂ ಇದೆಯಾ?" ಇಷ್ಟು ಸಾಕು. ಡಿಪ್‌ನಲ್ಲಿ ಫಾಲೋ ತಮ್ಮ ಭಾರವನ್ನು ತಮ್ಮ ಕಾಲಿನ ಮೇಲೇ ಇಟ್ಟುಕೊಳ್ಳಬೇಕು, ಲೀಡ್‌ನ ಕೈ ಭುಜದ ಎಲುಬಿನ ಕೆಳಗೆ ಆಸರೆಯಾಗಿ ಇರಬೇಕು. ನಿಧಾನವಾಗಿ ಇಳಿಯಿರಿ, ಇಳಿದಷ್ಟೇ ನಿಧಾನವಾಗಿ ಎದ್ದು ಬನ್ನಿ. ಬೇಡ ಅನ್ನಿಸಿದ ಫಾಲೋ ಮೈ ನೇರ ಇಟ್ಟುಕೊಂಡು "ಬೇಡ" ಅಂತ ಹೇಳಿಬಿಡಿ. ಅದಕ್ಕೆ ಕಾರಣ ಕೊಡಬೇಕಾಗಿಲ್ಲ.

ಪೆಟ್ಟಾದರೆ

ಕುಣಿತ ನಿಲ್ಲಿಸಿ. ಹಾಡು ಮುಗಿಯಲಿ ಅಂತ ಕಾಯಬೇಡಿ. ತಲೆಗೋ ಕತ್ತಿಗೋ ಪೆಟ್ಟಾಗಿಲ್ಲದಿದ್ದರೆ ಅವರನ್ನು ಫ್ಲೋರಿನಿಂದ ಪಕ್ಕಕ್ಕೆ ಕರೆದುಕೊಂಡು ಹೋಗಿ, ಬೆಳಕಿನಲ್ಲಿ ನೋಡಿ. "ಏನಿಲ್ಲ, ಪರವಾಗಿಲ್ಲ" ಅಂತ ಸಂಕೋಚದಿಂದ ಹೇಳುವವರೇ ಜಾಸ್ತಿ, ಆದರೂ ಎರಡು ನಿಮಿಷ ಜೊತೆಗಿರಿ.

ಕಾಲು ಉಳುಕಿದ್ದರೆ, ಸಾಮಾನ್ಯವಾಗಿ ಪಾದ ಒಳಕ್ಕೆ ಮಡಿಸಿಕೊಂಡು ಹೊರಬದಿಯ ಲಿಗಮೆಂಟ್ ಎಳೆದಿರುತ್ತದೆ. ಶೂ ಬಿಚ್ಚಿ, ಕಾಲು ಎತ್ತರಕ್ಕೆ ಇಡಿ. ಬಾರ್ ಕೌಂಟರಿನಲ್ಲಿ ಐಸ್ ಕೇಳಿ, ಟವೆಲ್‌ನಲ್ಲಿ ಸುತ್ತಿ 15-20 ನಿಮಿಷ ಇಡಿ. ಐಸ್ ನೇರ ಚರ್ಮಕ್ಕೆ ತಾಗಬಾರದು. ಆಮೇಲೆ ಕ್ರೇಪ್ ಬ್ಯಾಂಡೇಜ್, ರಕ್ತ ಓಡಾಟ ನಿಲ್ಲುವಷ್ಟು ಬಿಗಿಯಲ್ಲ. ನಮ್ಮಲ್ಲಿ ಉಳುಕಿದ ಕೂಡಲೇ ಎಣ್ಣೆ ಹಚ್ಚಿ ನೀವುವ ರೂಢಿ ಇದೆ. ಹೊಸ ಪೆಟ್ಟಿಗೆ ನೀವಿದರೆ, ಬಿಸಿ ಕೊಟ್ಟರೆ ಊತ ಹೆಚ್ಚುತ್ತದೆ. ನಾಟಿ ಕಟ್ಟು ಕಟ್ಟಿಸುವ ಯೋಚನೆ ಇದ್ದವರೂ ಎಲುಬು ಮುರಿದಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ಎಕ್ಸ್‌ರೇ ಬೇಕಾ ಅಂತ ತಿಳಿಯಲು ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಒಂದು ಸರಳ ಪರೀಕ್ಷೆ ರೂಪಿಸಿದರು, ಈಗಲೂ ವೈದ್ಯರು ಅದನ್ನು ಬಳಸುತ್ತಾರೆ. ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲು ಆಗುತ್ತಿಲ್ಲವಾ? ಪಾದದ ಕೀಲಿನ ಎರಡು ಬದಿಗೆ ಉಬ್ಬಿರುವ ಎಲುಬಿನ ಹಿಂಬದಿಯನ್ನೋ ತುದಿಯನ್ನೋ ಒತ್ತಿದರೆ ನೋವಾಗುತ್ತದಾ? ಪಾದದ ಹೊರಬದಿಯಲ್ಲಿ, ಕಿರುಬೆರಳಿನಿಂದ ಹಿಂದಕ್ಕೆ ಬಂದರೆ ನಡುವೆ ಸಿಗುವ ಎಲುಬಿನ ಉಬ್ಬು ನೋಯುತ್ತದಾ? ಯಾವುದಕ್ಕಾದರೂ ಹೌದು ಅಂತಾದರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.

ಮೂಗಿಗೆ ಮೊಣಕೈ ಬಡಿದು ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಬೇಡಿ, ರಕ್ತ ಗಂಟಲಿಗೆ ಇಳಿಯುತ್ತದೆ. ಮುಂದಕ್ಕೆ ಬಾಗಿ, ಮೂಗಿನ ಮೆತ್ತಗಿನ ಭಾಗ ಹಿಡಿದು 10 ನಿಮಿಷ ಬಿಡದೆ ಒತ್ತಿ. ನಡುನಡುವೆ ಬಿಟ್ಟು ನೋಡಬಾರದು. ಹಲ್ಲು ಕಿತ್ತು ಬಂದರೆ ಬೇರನ್ನು ಮುಟ್ಟದೆ, ಅಗಿಯುವ ಭಾಗದಲ್ಲಿ ಹಿಡಿದು, ಹಾಲಿನಲ್ಲಿ ಹಾಕಿ, ಅರ್ಧ ಗಂಟೆಯೊಳಗೆ ದಂತವೈದ್ಯರ ಹತ್ತಿರ ಓಡಿ. ಕೆಫೆಗಳಲ್ಲಿ ಹಾಲು ಇದ್ದೇ ಇರುತ್ತದೆ.

ತಲೆಗೆ ಪೆಟ್ಟು ಬಿದ್ದರೆ ಅವತ್ತಿನ ಮಟ್ಟಿಗೆ ಕುಣಿತ ಮುಗಿಯಿತು, ಚೆನ್ನಾಗಿದ್ದೇನೆ ಅಂದರೂ ಸರಿ. ಒಬ್ಬರೇ ಗಾಡಿ ಓಡಿಸಿಕೊಂಡು ಹೋಗಲು ಬಿಡಬೇಡಿ. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ತಲೆನೋವು ಹೆಚ್ಚುತ್ತಾ ಹೋದರೆ, ಮಾತು ತೊದಲಿದರೆ, ಎಬ್ಬಿಸಲಾಗದಷ್ಟು ಮಂಪರು ಬಂದರೆ 108ಕ್ಕೆ ಫೋನ್ ಮಾಡಿ. ಬಿದ್ದವರಿಗೆ ಕತ್ತು ನೋವಿದ್ದರೆ ಎತ್ತಿ ಕೂರಿಸಬೇಡಿ, ಆಂಬುಲೆನ್ಸ್ ಬರುವವರೆಗೆ ಹಾಗೇ ಮಲಗಿರಲಿ.

ವಾಪಸು ಫ್ಲೋರಿಗೆ

ಊತ ಇಳಿದ ಕೂಡಲೇ ಓಡಿ ಬರುವವರೇ ಅದೇ ಕಾಲನ್ನು ಮತ್ತೆ ಉಳುಕಿಸಿಕೊಳ್ಳುತ್ತಾರೆ. ಮನೆಯಲ್ಲಿ ಬರಿಗಾಲಲ್ಲಿ, ಪೆಟ್ಟಾದ ಕಾಲಿನ ಮೇಲೆ ಒಂಟಿ ಕಾಲಲ್ಲಿ 30 ಸೆಕೆಂಡು ನಿಂತು ನೋಡಿ. ಅಲುಗಾಡದೆ ನಿಂತರೆ ಕಣ್ಣು ಮುಚ್ಚಿ ಮಾಡಿ, ಗೋಡೆ ಪಕ್ಕದಲ್ಲಿರಲಿ. ಆಮೇಲೆ ಮುಂಗಾಲ ಮೇಲೆ ಎದ್ದು ಇಳಿಯಿರಿ. ನೋವಿಲ್ಲದೆ ಇಷ್ಟೂ ಆದಾಗ ನಿಧಾನದ ಬಚಾಟಾದಿಂದ ಶುರು ಮಾಡಿ, ಹೀಲ್ಸ್ ಬೇಡ.

ಆ ಇಂದಿರಾನಗರದ ಹುಡುಗಿ ಮೂರು ವಾರದ ನಂತರ ಬಂದರು, ಕಾಲಿಗೆ ಮುಂಗಾಲು ಮುಚ್ಚುವ ಕ್ಯಾನ್ವಾಸ್ ಶೂ. ಕುಣಿಯುತ್ತೀರಾ ಅಂತ ಕೇಳಿದೆ. "ಎಡಗಾಲಿನ ಮೇಲೆ ಸ್ಪಿನ್ ಬೇಡ, ಮೂಲೆಯಲ್ಲೇ ಕುಣಿಯೋಣ" ಅಂದರು. ಗೋಡೆ ಪಕ್ಕ ನಿಂತೆವು, ಜನರ ಕಡೆ ನನ್ನ ಬೆನ್ನು, ಗೋಡೆಯ ಕಡೆ ಅವರು. ಹಾಡು ಪೂರ್ತಿ ಬರೀ ಬೇಸಿಕ್ ಹಾಕಿದೆವು.