ಬಳ್ಳಾರಿ ಬಿಸಿಲಿನಲ್ಲಿ ನೈಸರ್ಗಿಕ ಕೆಂಪು ವೈನು: ಕೊಳ್ಳುವ, ಕಾಯುವ, ಬಡಿಸುವ ಕ್ರಮ

ಸಣ್ಣ ತಯಾರಕರು ಮಾಡುವ ನೈಸರ್ಗಿಕ ಕೆಂಪು ವೈನು ಮಾಮೂಲು ವೈನಿಗಿಂತ ಬೇಗ ಕೆಡುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಕೃತಕ ಕೀಟನಾಶಕಗಳಿಲ್ಲದೆ ದ್ರಾಕ್ಷಿ ಬೆಳೆದು, ಹಣ್ಣಿನ ಸಿಪ್ಪೆಯ ಮೇಲೂ ತಯಾರಿಕೆಯ ಕೋಣೆಯಲ್ಲೂ ತಾನಾಗಿ ಇರುವ ಯೀಸ್ಟಿನಿಂದಲೇ ರಸವನ್ನು ಹುದುಗಿಸಿ, ಸೋಸದೆ ಅಥವಾ ಅಲ್ಪಸ್ವಲ್ಪ ಸೋಸಿ ಬಾಟಲಿಗೆ ತುಂಬುವುದು ಇದರ ಕ್ರಮ. ವೈನು ಗಾಳಿಗೆ ಕಂದದಂತೆ, ಸೂಕ್ಷ್ಮಜೀವಿಗಳು ಮತ್ತೆ ತಲೆಯೆತ್ತದಂತೆ ತಡೆಯುವ ಗಂಧಕದ ಸಂಯುಕ್ತವನ್ನು, ಅಂದರೆ ಸಲ್ಫೈಟನ್ನು, ಇದಕ್ಕೆ ಸೇರಿಸುವುದಿಲ್ಲ. ಸೇರಿಸಿದರೂ ಬಹಳ ಕಡಿಮೆ. ಒಣ, ಅಂದರೆ ಸಿಹಿ ಉಳಿಯದ, ಕೆಂಪು ವೈನಿನಲ್ಲಿ ಲೀಟರಿಗೆ ಸಾಮಾನ್ಯವಾಗಿ 150 ಮಿಲಿಗ್ರಾಂವರೆಗೆ ಸಲ್ಫೈಟು ಇರಲು ಐರೋಪ್ಯ ಒಕ್ಕೂಟದ ನಿಯಮ ಒಪ್ಪುತ್ತದೆ. ಆದರೆ ಫ್ರಾನ್ಸಿನಲ್ಲಿ 2020ರಲ್ಲಿ ಮಾನ್ಯತೆ ಪಡೆದ 'ವ್ಯಾಂ ಮೆಥೋಡ್ ನಾತ್ಯೂರ್' ಗುರುತಿನ ಬಾಟಲಿಗಳಲ್ಲಿ ಸಲ್ಫೈಟನ್ನು ಹಾಕಿಯೇ ಇರಬಾರದು, ಹಾಕಿದ್ದರೆ ಒಟ್ಟು ಪ್ರಮಾಣ 30 ಮಿಲಿಗ್ರಾಂ ಮೀರಬಾರದು. ಇಷ್ಟು ಕಡಿಮೆ ರಕ್ಷಣೆಯ ವೈನನ್ನು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಿಗೆ ತಂದಾಗ ಹಾಲಿನಷ್ಟೇ ಜೋಪಾನ ಮಾಡಬೇಕಾಗುತ್ತದೆ.

ಕೊಳ್ಳುವಾಗ ಲೇಬಲ್ಲಿನ ಮೇಲೆ ಎರಡು ಸಂಗತಿ ನೋಡಿದರೆ ಸಾಕು. ಆಲ್ಕೊಹಾಲ್ ಪ್ರಮಾಣ ಶೇಕಡ 11ರಿಂದ 12.5ರ ಒಳಗಿದ್ದರೆ ವೈನು ಹಗುರವಾಗಿ, ತಾಜಾ ಹಣ್ಣಿನ ರುಚಿಯಿಂದ ಕೂಡಿರುವ ಸಂಭವ ಹೆಚ್ಚು. ಎರಡನೆಯದು ದ್ರಾಕ್ಷಿ ಕೊಯ್ದ ವರ್ಷ. ನಮ್ಮ ಕಡೆ ಸಾಮಾನ್ಯವಾಗಿ ಮಳೆಗಾಲ ಮುಗಿಯುವ ಹೊತ್ತಿಗೆ ಬಳ್ಳಿಯನ್ನು ಚಾಟನಿ ಮಾಡಿ, ಅಂದರೆ ಕತ್ತರಿಸಿ, ಫೆಬ್ರವರಿ, ಮಾರ್ಚಿನ ಸುಮಾರಿಗೆ ಹಣ್ಣು ಕೊಯ್ಯುತ್ತಾರೆ, ಯುರೋಪಿನಲ್ಲಿ ಕೊಯ್ಲು ಸೆಪ್ಟೆಂಬರ್ ಆಸುಪಾಸಿಗೆ ಬರುತ್ತದೆ. ಹಾಗಾಗಿ ಒಂದೇ ವರ್ಷ ನಮೂದಾಗಿದ್ದರೂ ಭಾರತದ ಬಾಟಲಿ ಅರ್ಧ ವರ್ಷದಷ್ಟು ಹಳೆಯದು. ತಾಜಾತನಕ್ಕಾಗಿಯೇ ಕೊಳ್ಳುವ ವೈನಿನಲ್ಲಿ ಈ ಲೆಕ್ಕ ಮುಖ್ಯ. ಮೊದಲ ಸಲ ಕೊಳ್ಳುವವರಿಗೆ ಫ್ರಾನ್ಸಿನ ಬೋಜೊಲೆ ಪ್ರದೇಶದ ಗಾಮೆ ದ್ರಾಕ್ಷಿಯ ವೈನು ಸುಲಭದ ದಾರಿ. ಗೊಂಚಲುಗಳನ್ನು ಬಿಡಿಸದೆ ಇಂಗಾಲದ ಡೈಆಕ್ಸೈಡ್ ತುಂಬಿದ ಮುಚ್ಚಿದ ತೊಟ್ಟಿಯಲ್ಲಿ ಹುದುಗಿಸುವ ಅಲ್ಲಿನ ಪದ್ಧತಿಯಿಂದ ಒಗರು ಕಡಿಮೆಯಾಗಿ ಹಣ್ಣಿನ ಪರಿಮಳ ಮುಂದೆ ಬರುತ್ತದೆ. ಗಂಧಕವಿಲ್ಲದೆ ವೈನು ಮಾಡುವ ಬಗೆಯನ್ನು ಅಭ್ಯಾಸ ಮಾಡಿದ ಜೂಲ್ ಶೋವೆ (1907–1989) ಅದೇ ಸೀಮೆಯವರು. ಅವರ ವಿಚಾರವನ್ನು ತೋಟಕ್ಕೆ ಇಳಿಸಿದವರಲ್ಲಿ ಮೊರ್ಗೊನ್‌ನ ಮಾರ್ಸೆಲ್ ಲಾಪಿಯೆರ್ ಮುಖ್ಯರು.

ಹಣ ಕೊಡುವ ಮುನ್ನ ಬಾಟಲಿಯನ್ನು ಕೈಗೆ ತೆಗೆದುಕೊಂಡು ಅದರ ಕತ್ತನ್ನು ಪರೀಕ್ಷಿಸುವುದು ಅಗತ್ಯ. ಬಿಸಿಗೆ ವೈನು ಹಿಗ್ಗಿದಾಗ ಬಿರಡೆ ಕೂದಲೆಳೆಯಷ್ಟು ಮೇಲೇಳುತ್ತದೆ. ಮೇಲಿನ ಹಾಳೆಯ ಮೇಲೆ ಹೆಬ್ಬೆರಳು ಆಡಿಸಿದಾಗ ಉಬ್ಬು ತಾಗಿದರೆ, ಅಥವಾ ಅದರ ಅಂಚಿನಲ್ಲಿ ಒಣಗಿದ ಅಂಟು ಕಲೆ ಕಂಡರೆ, ಆ ಬಾಟಲಿ ಎಲ್ಲೋ ಕಾದಿದೆ ಎಂದೇ ತಿಳಿಯಬೇಕು. ಅಂಗಡಿಯ ಮೇಲಿನ ಅರೆಯಲ್ಲಿ, ಶಟರಿನ ಬಿಸಿ ತಾಗುವ ಕಡೆ ಇಟ್ಟ ಬಾಟಲಿಯನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ಒಪ್ಪಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಂಥ ವೈನು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಸಿಗುವುದು ಅಪರೂಪವಾದ್ದರಿಂದ ಬೆಂಗಳೂರಿನಿಂದ ತರುವವರೇ ಹೆಚ್ಚು. ಅವರು ಬಿಲ್ಲನ್ನು ಜೊತೆಗಿಟ್ಟುಕೊಂಡು, ಬಾಟಲಿಯನ್ನು ಕಾರಿನ ಡಿಕ್ಕಿಯಲ್ಲಿಡದೆ ಎಸಿ ತಾಗುವ ಸೀಟಿನ ಕೆಳಗೆ ಇಟ್ಟು, ಸಾಧ್ಯವಾದಷ್ಟೂ ಹೊತ್ತು ಇಳಿದ ಮೇಲೆ ಪ್ರಯಾಣ ಮಾಡುವುದು ಒಳ್ಳೆಯದು.

ಮನೆಯಲ್ಲಿ ಇದಕ್ಕೆ ಫ್ರಿಜ್ಜೇ ತಕ್ಕ ಜಾಗ. ಕೆಂಪು ವೈನನ್ನು ಫ್ರಿಜ್ಜಿನಲ್ಲಿಡಬಾರದು ಎಂಬ ಹೇಳಿಕೆಯನ್ನು ನಮ್ಮ ಹವೆಯಲ್ಲಿ ಧೈರ್ಯವಾಗಿ ಬದಿಗಿಡಬಹುದು. ಕೆಲವೇ ವಾರಗಳಲ್ಲಿ ಕುಡಿದು ಮುಗಿಸುವ ಬಾಟಲಿಯನ್ನು ಮಲಗಿಸುವ ಅಗತ್ಯವೂ ಇಲ್ಲ, ನಿಲ್ಲಿಸಿಟ್ಟರೆ ಗಸಿ ತಳಕ್ಕೆ ಇಳಿಯುತ್ತದೆ. ಕರೆಂಟು ಬಹಳ ಹೊತ್ತು ಹೋಗುವ ದಿನ ಬಾಟಲಿಗೆ ಒದ್ದೆ ಗೋಣಿಯನ್ನು ಸುತ್ತಿ, ನೀರಿರುವ ಮಣ್ಣಿನ ಕೊಡದ ಪಕ್ಕದಲ್ಲಿ ಗಾಳಿಯಾಡುವ ನೆರಳಿಗೆ ಇಡಬಹುದು. ನಮ್ಮ ಬೇಸಿಗೆಯ ಗಾಳಿ ಒಣಗಿರುವುದರಿಂದ ನೀರು ಬೇಗ ಆರುತ್ತದೆ, ಬಾಟಲಿಯ ಬಿಸಿ 25 ಡಿಗ್ರಿಯ ಸುಮಾರಿಗೆ ಇಳಿಯುತ್ತದೆ. ಕರಾವಳಿಯವರಿಗೆ ಈ ಅನುಕೂಲವಿಲ್ಲ! ಆದರೂ ಇದು ಒಂದು ಹಗಲನ್ನು ದಾಟಿಸುವ ಉಪಾಯವೇ ಹೊರತು ಬಡಿಸುವುದಕ್ಕೆ ಆ ತಂಪು ಸಾಲದು.

ಬಡಿಸುವಾಗ ವೈನು 12ರಿಂದ 14 ಡಿಗ್ರಿಯಲ್ಲಿರಬೇಕು. ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ನಿಯಮ ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ. ಸಿರುಗುಪ್ಪದ ಅಥವಾ ಗಂಗಾವತಿಯ ಏಪ್ರಿಲ್ ತಿಂಗಳ ಪಡಸಾಲೆಗೆ ಅದು ಸಲ್ಲುವುದಿಲ್ಲ. ಬಿಸಿಯಾದರೆ ಆಲ್ಕೊಹಾಲಿನ ಘಾಟು ಮೇಲೆ ಬಂದು ಹಣ್ಣಿನ ರುಚಿ ಮಂಕಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಬೇಸಿಗೆಯಲ್ಲಿ ಇಪ್ಪತ್ತು ನಿಮಿಷ ಹೊರಗಿಟ್ಟರೆ ಸಾಕು, ಉಳಿದದ್ದನ್ನು ಗ್ಲಾಸಿನ ಬಿಸಿಯೇ ನೋಡಿಕೊಳ್ಳುತ್ತದೆ. ಹೊರಗೆ ಇದ್ದ ಬಾಟಲಿಯಾದರೆ ಬಕೆಟ್ಟಿನಲ್ಲಿ ಐಸಿನ ಜೊತೆ ನೀರನ್ನೂ ಒಂದು ಹಿಡಿ ಉಪ್ಪನ್ನೂ ಹಾಕಿ ಕತ್ತಿನವರೆಗೆ ಮುಳುಗಿಸಬೇಕು. ಬರೀ ಐಸಿನ ತುಂಡುಗಳು ಬಾಟಲಿಯನ್ನು ಅಲ್ಲಲ್ಲಿ ಮಾತ್ರ ಮುಟ್ಟುವುದರಿಂದ ತಂಪು ನಿಧಾನವಾಗುತ್ತದೆ.

ಬಿರಡೆ ತೆಗೆದಾಗ ಸಣ್ಣ ಗುಳ್ಳೆಗಳು ಎದ್ದರೆ ಗಾಬರಿಯಾಗಬೇಕಿಲ್ಲ. ಸಲ್ಫೈಟಿನ ಬದಲು ವೈನನ್ನು ಕಾಯಲೆಂದೇ ಹುದುಗಿನ ಅನಿಲವನ್ನು ಸ್ವಲ್ಪ ಉಳಿಸಿರುತ್ತಾರೆ, ಅದು ಗಾಳಿಯಾಡಿದಂತೆ ಹೋಗುತ್ತದೆ. ಕೊಳೆತ ಮೊಟ್ಟೆಯ ಅಥವಾ ಗೀರಿದ ಬೆಂಕಿಕಡ್ಡಿಯ ವಾಸನೆ ಬಂದರೂ ಕೂಡಲೇ ಚೆಲ್ಲಬಾರದು. ಬಾಟಲಿಯ ಕತ್ತಿನ ಹಿಂದೆ ಮೊಬೈಲಿನ ಟಾರ್ಚ್ ಹಿಡಿದು, ಅಗಲ ಬಾಯಿಯ ಗಾಜಿನ ಜಗ್ಗಿಗೆ ಒಂದೇ ಧಾರೆಯಲ್ಲಿ ನಿಧಾನವಾಗಿ ತಿಳಿ ಬಸಿಯಬೇಕು. ಮಸುಕು ಎಳೆ ಕತ್ತಿನತ್ತ ಹರಿದು ಬರುವುದು ಬೆಳಕಿನಲ್ಲಿ ಕಾಣುತ್ತದೆ, ಕಂಡೊಡನೆ ನಿಲ್ಲಿಸಬೇಕು. ಅರ್ಧ ಗಂಟೆಯಲ್ಲಿ ಆ ವಾಸನೆ ಬಹುಮಟ್ಟಿಗೆ ಹೋಗುತ್ತದೆ. ಉಗುರುಬಣ್ಣದ ಅಥವಾ ವಿನೆಗರಿನ ತೀಕ್ಷ್ಣ ವಾಸನೆ ಮಾತ್ರ ಹೋಗುವುದಿಲ್ಲ. ಇನ್ನೊಂದು ದೋಷ ಮೂಗಿಗೆ ಸಿಗುವುದೇ ಇಲ್ಲ: ಗುಟುಕು ನುಂಗಿದ ಕೆಲವು ಕ್ಷಣಗಳ ನಂತರ, ಜೊಲ್ಲು ವೈನಿನ ಹುಳಿಯನ್ನು ತಗ್ಗಿಸಿದಾಗ, ಇಲಿಬೋನಿನ ನಾತ ಬಾಯಿಯ ಹಿಂಬದಿಯಲ್ಲಿ ಏಳುತ್ತದೆ. ಇದನ್ನು ನೈಸರ್ಗಿಕತೆಯ ಗುಣವೆಂದು ಹೊಗಳುವವರಿದ್ದಾರೆ; ನನ್ನ ಮಟ್ಟಿಗೆ ಅದು ಕೆಟ್ಟ ವೈನು.

ಊಟದ ವಿಷಯದಲ್ಲಿ ಒಂದೇ ಎಚ್ಚರಿಕೆ: ಒಗರು ಮತ್ತು ಆಲ್ಕೊಹಾಲು ಎರಡೂ ಖಾರದ ಉರಿಯನ್ನು ಹೆಚ್ಚಿಸುತ್ತವೆ. ಹಗುರವಾದ ತಂಪು ಕೆಂಪು ವೈನಿನಲ್ಲಿ ಇವೆರಡೂ ಕಡಿಮೆ ಇರುವುದರಿಂದಲೇ ಅದು ನಮ್ಮ ಊಟಕ್ಕೆ ಒಗ್ಗುತ್ತದೆ. ಶೇಂಗಾ, ಎಳ್ಳಿನ ಮಸಾಲೆ ತುಂಬಿದ ಬದನೆಕಾಯಿ ಎಣ್ಣೆಗಾಯಿಯ ಜಿಡ್ಡನ್ನು ವೈನಿನ ಹುಳಿ ಕತ್ತರಿಸುತ್ತದೆ, ಖಡಕ್ ಜೋಳದ ರೊಟ್ಟಿಯೊಡನೆ ಇದು ಚೆನ್ನಾದ ಜೋಡಿ. ಪುಂಡಿ ಪಲ್ಯದ ಹುಳಿ ಮಾತ್ರ ವೈನನ್ನು ಸಪ್ಪೆ ಮಾಡುತ್ತದೆ. ಮಂಡಕ್ಕಿ ಒಗ್ಗರಣೆಯ ಜೊತೆ ಮಿರ್ಚಿಯನ್ನೂ ಇಡುವುದಾದರೆ ವೈನನ್ನು ಇನ್ನೂ ಒಂದೆರಡು ಡಿಗ್ರಿ ತಣ್ಣಗೆ ಬಡಿಸಬೇಕು.

ಉಳಿದ ವೈನಿಗೆ ಬಿರಡೆ ಒತ್ತಿ ಕೂಡಲೇ ಫ್ರಿಜ್ಜಿಗೆ ಸೇರಿಸಬೇಕು. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಚಿಕ್ಕ ಬಾಟಲಿಗೆ ಬಾಯಿಮಟ ತುಂಬಿದಾಗ ಒಳಗಿನ ಗಾಳಿ ಕಡಿಮೆಯಾಗುತ್ತದೆ. ಎರಡು ದಿನ ರುಚಿ ನಿಲ್ಲುತ್ತದೆ. ಮೂರನೆಯ ದಿನ ಹುಳಿ ಏರಿದ್ದರೆ ಮಟನ್ ನೆನೆಸುವುದಕ್ಕೆ ಬಳಸಬಹುದು.